ಮೊಬೈಲ್ ಕೊಟ್ಟ ಗಳಿಗೆಯಲ್ಲಿ ಕಲಿತವರು ಯಾರು?

ದಾವಣಗೆರೆಯ ಯಾವುದೇ ಬೆಣ್ಣೆದೋಸೆ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಹೋಗಿ ಕೂತರೂ ಈ ದೃಶ್ಯ ತಪ್ಪುವುದಿಲ್ಲ. ಜನ ಜಾಸ್ತಿ, ದೋಸೆ ಬರುವುದು ತಡ. ನಾಲ್ಕು ವರ್ಷದ ಹುಡುಗ "ಮಮ್ಮಿ, ಮೊಬೈಲ್ ಕೊಡು" ಅಂತ ಶುರು ಮಾಡುತ್ತಾನೆ. "ಆಮೇಲೆ" ಅನ್ನುತ್ತಾಳೆ ತಾಯಿ. ಹುಡುಗ ರಾಗ ಎಳೆಯುತ್ತಾನೆ, ಆಮೇಲೆ ಟೇಬಲ್ಲು ಬಡಿಯುತ್ತಾನೆ, ಆಮೇಲೆ ಕೆಳಗೆ ಜಾರಿ ನೆಲದ ಮೇಲೆ ಕೂರುತ್ತಾನೆ. "ಕೊಡವ್ವ ಅತ್ಲಾಗೆ, ಎಲ್ಲಾರೂ ನೋಡ್ತಾ ಅದಾರೆ" ಅಂತ ಅಜ್ಜಿಯ ಶಿಫಾರಸು. ಮೊಬೈಲ್ ಕೈಗೆ ಬರುತ್ತದೆ. ಅಳು ಸ್ವಿಚ್ ಆಫ್ ಮಾಡಿದಂತೆ ನಿಲ್ಲುತ್ತದೆ.

ಹುಡುಗ ಏನು ಕಲಿತ ಅನ್ನುವುದು ಎಲ್ಲರಿಗೂ ಗೊತ್ತು: ಕೇಳಿದರೆ ಸಿಗದು, ನೆಲಕ್ಕೆ ಕೂತರೆ ಸಿಗುತ್ತದೆ. ತಾಯಿಯೂ ಅದೇ ಕ್ಷಣದಲ್ಲಿ ಒಂದು ಪಾಠ ಕಲಿತಳು ಅನ್ನುವುದನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಮೊಬೈಲ್ ಕೊಟ್ಟ ತಕ್ಷಣ ಅಳು ನಿಂತಿತು, ನಾಲ್ಕು ಜನರ ಕಣ್ಣು ತಪ್ಪಿತು. ಮುಂದಿನ ಸಲ ಅವಳ ಕೈ ಇನ್ನೂ ಬೇಗ ಪರ್ಸಿಗೆ ಹೋಗುತ್ತದೆ. ಮಗು ತಾಯಿಗೆ ಕಲಿಸಿತು, ತಾಯಿ ಮಗುವಿಗೆ ಕಲಿಸಿದಳು, ಇಬ್ಬರಿಗೂ ಪಾಠ ನಡೆದದ್ದೇ ತಿಳಿಯಲಿಲ್ಲ. ವರ್ತನೆ ವಿಶ್ಲೇಷಣೆ ಅನ್ನುವ ಶಾಸ್ತ್ರ ಕೈಹಾಕುವುದು ಇಂಥ ಜಾಗಕ್ಕೇ.

ಅದರ ಮೊದಲ ಸಲಕರಣೆ ಒಂದು ನೋಟ್‌ಬುಕ್ಕು, ಮೂರು ಕಾಲಂ. ಮೊದಲನೆಯದರಲ್ಲಿ ವರ್ತನೆಗೆ ಮುಂಚೆ ಏನಿತ್ತು, ಎರಡನೆಯದರಲ್ಲಿ ಮಗು ಏನು ಮಾಡಿತು, ಮೂರನೆಯದರಲ್ಲಿ ಕೂಡಲೇ ಏನಾಯಿತು. ಮೇಲಿನ ದೃಶ್ಯಕ್ಕೆ: "ದೋಸೆಗೆ ಕಾಯುತ್ತಿದ್ದೆವು, ಕೇಳಿದಾಗ ಇಲ್ಲ ಅಂದೆ / 2 ನಿಮಿಷ ಅತ್ತ, ಟೇಬಲ್ ಬಡಿದ, ನೆಲಕ್ಕೆ ಕೂತ / ಮೊಬೈಲ್ ಕೊಟ್ಟೆ, ಸುಮ್ಮನಾದ." ಇಷ್ಟೇ. "ಹಠ ಮಾಡಿದ", "ಸಿಟ್ಟು ಬಂತು", "ಬೇಕಂತಲೇ ಮಾಡಿದ" ಅಂತ ಬರೆಯುವಂತಿಲ್ಲ. ಇನ್ನೊಬ್ಬರು ಓದಿ ಅದೇ ವರ್ತನೆಯನ್ನು ಬೆರಳಿಟ್ಟು ತೋರಿಸುವಂತಿರಬೇಕು.

ಹಠಮಾರಿ ಅನ್ನುವ ಪದದ ತೊಂದರೆ ಏನೆಂದರೆ ಅದು ಕಾರಣದ ವೇಷ ಹಾಕಿಕೊಂಡು ಬರುತ್ತದೆ. ಯಾಕೆ ಅಳುತ್ತಾನೆ? ಹಠಮಾರಿ, ಅದಕ್ಕೆ. ಹಠಮಾರಿ ಅಂತ ಹೇಗೆ ಗೊತ್ತು? ಅಳುತ್ತಾನಲ್ಲ! ಗಾಣದ ಎತ್ತಿನ ಹಾಗೆ ಸುತ್ತಿ ಅಲ್ಲಿಗೇ ಬರುತ್ತೇವೆ, ಮಾಡಲು ಏನೂ ಸಿಕ್ಕುವುದಿಲ್ಲ. ಗುರಿ ಬರೆಯುವಾಗಲೂ ಇಂಥದ್ದೇ ಒಂದು ಎಡವಟ್ಟಾಗುತ್ತದೆ. "ಸುಮ್ಮನೆ ಕೂರಬೇಕು", "ಗಲಾಟೆ ಮಾಡಬಾರದು" ಅಂತ ಬರೆದುಕೊಳ್ಳುತ್ತಾರೆ. ಆಗ್ಡೆನ್ ಲಿಂಡ್ಸ್ಲೀ ಅನ್ನುವ ವಿಜ್ಞಾನಿ ಇದಕ್ಕೊಂದು ಖಡಕ್ ಪರೀಕ್ಷೆ ಕೊಟ್ಟರು: ಸತ್ತವನೂ ಮಾಡಬಲ್ಲದ್ದಾದರೆ ಅದು ವರ್ತನೆಯಲ್ಲ. ಸುಮ್ಮನೆ ಕೂರುವುದರಲ್ಲಿ ಹೆಣವನ್ನು ಮೀರಿಸುವವರಿಲ್ಲ. ಹಾಗಾಗಿ ಗುರಿ "ಬೇಕಾದ್ದನ್ನು ಬಾಯಲ್ಲಿ ಕೇಳುವುದು", "ಕೈ ಎತ್ತುವುದು", "ಐದು ಲೆಕ್ಕ ಬಿಡಿಸುವುದು" ಅಂತ ಇರಬೇಕು.

ಮೂರನೇ ಕಾಲಮಿನಲ್ಲಿ, ಅಂದರೆ ವರ್ತನೆಯ ಬೆನ್ನಿಗೆ, ಆಗುವುದು ನಾಲ್ಕು ಬಗೆ. ಏನೋ ಸೇರಿ ವರ್ತನೆ ಹೆಚ್ಚಿದರೆ ಧನಾತ್ಮಕ ಪುನರ್ಬಲನ, ಏನೋ ತೊಲಗಿ ವರ್ತನೆ ಹೆಚ್ಚಿದರೆ ಋಣಾತ್ಮಕ ಪುನರ್ಬಲನ. ಏನೋ ಸೇರಿ ಕಡಿಮೆಯಾದರೆ ಒಂದು ಬಗೆಯ ಶಿಕ್ಷೆ, ಏನೋ ತೊಲಗಿ ಕಡಿಮೆಯಾದರೆ ಇನ್ನೊಂದು ಬಗೆಯ ಶಿಕ್ಷೆ. ಇಲ್ಲಿ ಧನ, ಋಣ ಅಂದರೆ ಕೂಡಿಸು, ಕಳೆ ಅಷ್ಟೆ. ಒಳ್ಳೆಯದು ಕೆಟ್ಟದ್ದು ಅಲ್ಲ. ಬಿ.ಎಡ್. ಪರೀಕ್ಷೆಯಲ್ಲಿ ಋಣಾತ್ಮಕ ಪುನರ್ಬಲನಕ್ಕೆ "ಬೈಯುವುದು, ಹೊಡೆಯುವುದು" ಅಂತ ಉದಾಹರಣೆ ಬರೆದು ಅಂಕ ಕಳೆದುಕೊಳ್ಳುವವರು ಪ್ರತಿವರ್ಷ ಇರುತ್ತಾರೆ. ಹೆಲ್ಮೆಟ್ ಹಾಕದೆ ಬಂದವನು ದೂರದಲ್ಲಿ ಪೊಲೀಸರನ್ನು ಕಂಡು ಗಲ್ಲಿಗೆ ಗಾಡಿ ತಿರುಗಿಸುತ್ತಾನಲ್ಲ, ಅದು ಸರಿಯಾದ ಉದಾಹರಣೆ. ದಂಡ ತಪ್ಪಿತು, ಗಾಡಿ ತಿರುಗಿಸುವ ಚಟ ಗಟ್ಟಿಯಾಯಿತು. ಹೋಟೆಲಿನ ಆ ತಾಯಿಯದೂ ಇದೇ: ಅಳು ತೊಲಗಿತು, ಕೊಡುವುದು ಹೆಚ್ಚಿತು.

ಇನ್ನೊಂದು ಮಾತು. ಪುನರ್ಬಲಕ, ಅಂದರೆ ವರ್ತನೆಯನ್ನು ಹೆಚ್ಚಿಸುವಂಥದ್ದು, ಯಾವುದು ಅನ್ನುವುದನ್ನು ಕೊಡುವವರು ತೀರ್ಮಾನಿಸುವ ಹಾಗಿಲ್ಲ. ವರ್ತನೆ ಮುಂದೆ ಹೆಚ್ಚಿತೋ ಇಲ್ಲವೋ ಅನ್ನುವುದೇ ಸಾಕ್ಷಿ. "ನಾನು ಚಾಕಲೇಟ್ ಕೊಟ್ಟೆ, ಆದರೂ ಓದಲಿಲ್ಲ, ಈ ಪುನರ್ಬಲನ ಗಿರ್ಬಲನ ಎಲ್ಲಾ ಸುಳ್ಳು" ಅನ್ನುವವರಿಗೆ ಉತ್ತರ: ಓದು ಹೆಚ್ಚಲಿಲ್ಲವಾದರೆ ಆ ಚಾಕಲೇಟ್ ಆ ಮಗುವಿಗೆ ಆ ಹೊತ್ತಿನಲ್ಲಿ ಪುನರ್ಬಲಕವೇ ಅಲ್ಲ. ಊಟ ಆದ ಕೂಡಲೇ ಕೊಟ್ಟಿರಬಹುದು, ಬೆಳಿಗ್ಗೆಯಿಂದ ನಾಲ್ಕು ತಿಂದಿರಬಹುದು, ಅಥವಾ ಓದಿ ಎರಡು ಗಂಟೆಯಾದ ಮೇಲೆ ಕೊಟ್ಟಿರಬಹುದು.

ಇತಿಹಾಸ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ರಷ್ಯಾದ ವಿಜ್ಞಾನಿ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ನಾಯಿಯ ಜೊಲ್ಲಿನ ಪಾಠ, ಅಂದರೆ ಊಟದ ಜೊತೆ ಮತ್ತೆಮತ್ತೆ ಬಂದ ಸದ್ದಿಗೇ ನಾಯಿ ಜೊಲ್ಲು ಸುರಿಸುವುದು, ಅದರ ಬೆನ್ನಿಗೆ ಬೆಳೆದದ್ದು. ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಅಗುಳಿ ತೆಗೆದು ಹೊರಬರಲು ಹಿಡಿಯುವ ಹೊತ್ತು ಸಲದಿಂದ ಸಲಕ್ಕೆ ಇಳಿಯುವುದನ್ನು ಅಳೆದರು. ಸ್ಕಿನ್ನರ್ 1938ರಲ್ಲಿ ಇಲಿಗಳು ಆಹಾರಕ್ಕಾಗಿ ಸನ್ನೆಕೋಲು ಒತ್ತುವುದರ ಲೆಕ್ಕ ಪ್ರಕಟಿಸಿದರು; ನಮ್ಮ ಬಿ.ಎಡ್. ನೋಟ್ಸುಗಳಲ್ಲಿ ಕಾಣುವ ಅವರ ಪಾರಿವಾಳದ ಪ್ರಯೋಗ ಆಮೇಲೆ ಬಂದದ್ದು. ಇದನ್ನೆಲ್ಲ ಶಾಲೆ, ಆಸ್ಪತ್ರೆ, ಮನೆಗಳಿಗೆ ತರುವ ಅನ್ವಯಿಕ ಶಾಖೆಯ ಮೊದಲ ಪತ್ರಿಕೆ ಶುರುವಾದದ್ದು 1968ರಲ್ಲಿ.

ಪಾವ್ಲೋವ್ ಬಗೆಯ ಕಲಿಕೆ ಮನೆಯಲ್ಲಿ ಹೆಚ್ಚಾಗಿ ಕಾಣುವುದು ಹೆದರಿಕೆ ಮತ್ತು ವಾಕರಿಕೆಯ ರೂಪದಲ್ಲಿ. ಬಿಳಿ ಕೋಟು, ಸ್ಪಿರಿಟ್ ವಾಸನೆ, ಸೂಜಿ ಚುಚ್ಚು: ಮೂರು ಸಲ ಒಟ್ಟಿಗೆ ಬಂದರೆ ವಾಸನೆಗೇ ಮಗು ಅಳುತ್ತದೆ. ಚುಚ್ಚು ಇಲ್ಲದೆಯೂ ಆಸ್ಪತ್ರೆಗೆ ಆಗಾಗ ಸುಮ್ಮನೆ ಹೋಗಿಬರುವ ಮಗುವಿಗೆ ಈ ಹೆದರಿಕೆ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ, ಯಾಕೆಂದರೆ ಆ ವಾಸನೆ ಚುಚ್ಚಿನ ಖಾತ್ರಿ ಸುಳಿವಾಗಿ ಉಳಿಯುವುದಿಲ್ಲ. ಆಹಾರದ ವಿಷಯದಲ್ಲಂತೂ ಒಂದೇ ಸಲ ಸಾಕು. ಮಿರ್ಚಿ ತಿಂದು ಮೂರು ಗಂಟೆ ಬಿಟ್ಟು ವಾಂತಿಯಾದರೂ ಮುಂದೆ ಎಣ್ಣೆಯ ಘಮಕ್ಕೇ ಹೊಟ್ಟೆ ತೊಳಸುತ್ತದೆ, ವಾಂತಿಗೆ ಕಾರಣ ಬೇರೆಯೇ ಇದ್ದರೂ. ಜಾನ್ ಗಾರ್ಸಿಯಾ 1960ರ ದಶಕದಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದಾಗ ನಂಬಿದವರು ಕಡಿಮೆ. ಅಷ್ಟು ತಡವಾಗಿ ಬಂದ ಪರಿಣಾಮ ಕಲಿಸಲಾರದು ಅನ್ನುವುದು ಆಗಿನ ನಂಬಿಕೆ.

ಈಗ ಚಿತ್ರದುರ್ಗದ ಕೋಟೆಗೆ ಹೋಗೋಣ. ಏಳು ಸುತ್ತಿನ ಕೋಟೆ ನೋಡಲು ಬಂದವರು ಕೋತಿಗಳಿಂದ ಹುಷಾರಾಗಿರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಮುಗಿಯಿತು. ಕೋತಿ ಯಾಕಿಷ್ಟು ಹಟಕ್ಕೆ ಬೀಳುತ್ತದೆ? ಪ್ರತಿಯೊಬ್ಬರೂ ಶೇಂಗಾ ಕೊಡುವುದರಿಂದಲ್ಲ. ಹತ್ತರಲ್ಲಿ ಎಂಟು ಜನ ಓಡಿಸುತ್ತಾರೆ, ಒಬ್ಬರು ಹೆದರಿ ಕೈಲಿದ್ದದ್ದನ್ನು ಬಿಟ್ಟು ಓಡುತ್ತಾರೆ, ಒಬ್ಬರು ಫೋಟೋಗೆ ಅಂತ ಬಾಳೆಹಣ್ಣು ತೋರಿಸುತ್ತಾರೆ. ಎಷ್ಟನೇ ಸಲಕ್ಕೆ ಸಿಗುತ್ತದೆ ಅನ್ನುವುದು ಗೊತ್ತಿಲ್ಲ, ಸಿಗುವುದಂತೂ ಗ್ಯಾರಂಟಿ. ಇದಕ್ಕೆ ಬದಲಾಗುವ ಅನುಪಾತದ ಪುನರ್ಬಲನ ಅನ್ನುತ್ತಾರೆ. ಪುನರ್ಬಲನವನ್ನು ಬಿಟ್ಟುಬಿಟ್ಟು ಕೊಡುವ ನಾಲ್ಕು ಬಗೆಗಳಲ್ಲಿ ಅತಿ ವೇಗದ, ಸುಲಭಕ್ಕೆ ಅಳಿಯದ ವರ್ತನೆ ಕಟ್ಟುವುದು ಇದೇ. ಲಾಟರಿ, ಇಸ್ಪೀಟು, ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಹೋಗುವ ರೀಲ್ಸು, ಎಲ್ಲದರ ಬೇರು ಇಲ್ಲಿದೆ. ಇನ್ನು ಆ ಕವರಿನ ಸರಸರ ಸದ್ದು ಒಂದು ಸೂಚನೆ: "ಈಗ ಮೇಲೆ ಬಿದ್ದರೆ ಸಿಕ್ಕೀತು" ಅಂತ. ಇಂಥ ಸೂಚನೆಯ ಮುಂದೆ ಮಾತ್ರ ವರ್ತನೆ ಜೋರಾಗುವುದಕ್ಕೆ ಪ್ರಚೋದನೆಯ ಹಿಡಿತ ಅನ್ನಬಹುದು. ಮನೆಯಲ್ಲಿ ಅಜ್ಜಿ ಎದುರು ಮಾತ್ರ ಕೊಸರಾಡುವ ಮಗು ಕೋತಿಗಿಂತ ಬೇರೆಯೇನೂ ಮಾಡುತ್ತಿಲ್ಲ.

ಉಳಿದ ಮೂರು ಬಗೆ: ಇಂತಿಷ್ಟು ಸಲಕ್ಕೆ ಒಮ್ಮೆ, ಸಾವಿರ ಬೀಡಿಗಿಷ್ಟು ಅಂತ ಕೂಲಿ ಸಿಗುವಂತೆ; ಇಂತಿಷ್ಟು ಹೊತ್ತು ಕಳೆದ ಮೇಲೆ, ಅಂದರೆ ಬೇಗ ಎಷ್ಟೇ ಮಾಡಿದರೂ ಪ್ರಯೋಜನವಿಲ್ಲ; ಮತ್ತು ಹೊತ್ತು ಗೊತ್ತಿಲ್ಲದೆ, ಮೆಸೇಜ್ ಬಂತಾ ಅಂತ ಆಗಾಗ ನೋಡುವ ಹಾಗೆ. ಬಿಟ್ಟುಬಿಟ್ಟು ಕೊಡುವ ವಿಚಾರ ಸ್ಕಿನ್ನರ್‌ಗೆ ಹೊಳೆದದ್ದರ ಹಿಂದೆ ಒಂದು ತಮಾಷೆಯಿದೆ. ಇಲಿಗೆ ಹಾಕುವ ಉಂಡೆಗಳನ್ನು ಅವರೇ ಕೈಯಾರೆ ಮಾಡಬೇಕಿತ್ತು. ಖಾಲಿಯಾಗುತ್ತಾ ಬಂದಾಗ, ಪ್ರತಿ ಒತ್ತಿಗೂ ಯಾಕೆ ಕೊಡಬೇಕು, ನಿಮಿಷಕ್ಕೊಂದು ಸಾಲದೇ ಅನ್ನಿಸಿತು. ಇಲಿ ಒತ್ತುವುದು ನಿಲ್ಲಿಸಲಿಲ್ಲ. ಮುಂದೆ ಸಹೋದ್ಯೋಗಿ ಫರ್ಸ್ಟರ್ ಜೊತೆ ಸೇರಿ 1957ರಲ್ಲಿ ಈ ವಿಷಯದ ಮೇಲೆ ದಪ್ಪ ಗ್ರಂಥವನ್ನೇ ತಂದರು.

ಈಗ ಮನೆಯವರು "ಇನ್ನು ಅತ್ತರೂ ಕೊಡುವುದಿಲ್ಲ" ಅಂತ ನಿರ್ಧರಿಸುತ್ತಾರೆ ಅನ್ನಿ. ಹೆಚ್ಚಿನ ಕೆಲಸ ಕೆಡುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಿಗುತ್ತಿದ್ದದ್ದು ಸಿಗದೇ ಹೋದರೆ ವರ್ತನೆ ಕೊನೆಗೆ ಇಳಿಯುತ್ತದೆ. ಇದು ವಿಲೋಪನ. ಆದರೆ ಬಹಳ ಸಲ ಇಳಿಯುವ ಮುಂಚೆ ಏರುತ್ತದೆ. ಎರಡು ನಿಮಿಷದ ಅಳು ಹತ್ತು ನಿಮಿಷವಾಗಬಹುದು, ಇದುವರೆಗೆ ಮಾಡದ ಹೊಸದೂ ಬರಬಹುದು: ಎಸೆಯುವುದು, ಪರಚುವುದು, ಉಸಿರು ಕಟ್ಟಿದಂತೆ ಮಾಡುವುದು. ಟಿ.ವಿ. ರಿಮೋಟ್ ಕೆಲಸ ಮಾಡದಿದ್ದಾಗ ನಾವೂ ಬಟನ್ನನ್ನು ಇನ್ನೂ ಜೋರಾಗಿ ಒತ್ತಿ, ತಟ್ಟಿ, ಕೊನೆಗೆ ಬೈಯುತ್ತೇವಲ್ಲ. ಈ ಏರಿಕೆ ಕಂಡವರು "ಇದು ಆಗುವ ಮಾತಲ್ಲ, ಇನ್ನೂ ಜಾಸ್ತಿಯಾಯಿತು" ಅಂತ ಎಂಟನೇ ನಿಮಿಷಕ್ಕೆ ಮೊಬೈಲ್ ಕೊಡುತ್ತಾರೆ. ಆಗ ಮಗು ಕಲಿಯುವುದು ಎಂಟು ನಿಮಿಷದ ಅಳು. ಮೊದಲಿದ್ದ ಎರಡು ನಿಮಿಷದ್ದೇ ಎಷ್ಟೋ ವಾಸಿಯಿತ್ತು. ಜೊತೆಗೆ ಕೆಲವು ದಿನ ಕೊಡದೆ ಒಂದು ದಿನ ಕೊಟ್ಟದ್ದರಿಂದ ಅದು ಕೋಟೆಯ ಕೋತಿಯ ಲೆಕ್ಕಕ್ಕೆ ಬಂತು. ಹೀಗೆ ಮಾಡುವುದಕ್ಕಿಂತ ಕೇಳಿದ ಮೊದಲ ಸಲವೇ, ಅಳುವ ಮುಂಚೆ, ಕೊಟ್ಟುಬಿಡುವುದು ಉತ್ತಮ. ಇದನ್ನು ಹೇಳಿದರೆ ತಂದೆತಾಯಿ ಬೆಚ್ಚುತ್ತಾರೆ, ಆದರೆ ಲೆಕ್ಕ ಹಾಗೇ ಇರುವುದು.

ಹಾಗಾಗಿ ಶುರು ಮಾಡುವ ಮುಂಚೆ ಮನೆಯಲ್ಲಿ ಇರುವವರೆಲ್ಲ ಒಂದು ಮಾತಿಗೆ ಬರಬೇಕು: ಅಜ್ಜ, ಅಜ್ಜಿ, ಚಿಕ್ಕಪ್ಪ, ಮೇಲಿನ ಮನೆ ಆಂಟಿ ಸಮೇತ. ಒಬ್ಬರು ತಪ್ಪಿದರೂ ಎಲ್ಲ ನೀರಲ್ಲಿ ಹೋಮ. ಹಬ್ಬಕ್ಕೆ ಊರಿಗೆ ಹೋಗುವ ವಾರ, ಪರೀಕ್ಷೆಯ ವಾರ, ಮಗುವಿಗೆ ಜ್ವರ ಇರುವ ವಾರ ಶುರು ಮಾಡಬಾರದು. ಅಳು ನಿಂತ ಮೇಲೆ ಒಂದೆರಡು ವಾರ ಬಿಟ್ಟು ಒಂದು ದಿನ ಇದ್ದಕ್ಕಿದ್ದಂತೆ ಮರಳುವುದೂ ಮಾಮೂಲು. ಅದು ಚಿಕ್ಕದಾಗಿಯೇ ಬರುತ್ತದೆ, ಆ ದಿನವೂ ಸಿಗದಿದ್ದರೆ ಹೋಗುತ್ತದೆ. ತಲೆ ಗೋಡೆಗೆ ಬಡಿದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಮುಂತಾದ ವರ್ತನೆಗೆ ಮನೆಯಲ್ಲಿ ಈ ದಾರಿ ಹಿಡಿಯಲೇಬಾರದು. ಅಲ್ಲಿ ಏರಿಕೆ ಅಂದರೆ ಗಾಯ. ಅದಕ್ಕೆ ತರಬೇತಿ ಇರುವವರು ಎದುರಿಗೇ ಇರಬೇಕು.

"ಗಮನ ಕೊಡಬೇಡಿ" ಅನ್ನುವುದು ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಆಗಿಬಿಟ್ಟಿದೆ. ಅದು ಕೆಲಸ ಮಾಡುವುದು ವರ್ತನೆ ಗಮನಕ್ಕಾಗಿ ನಡೆಯುತ್ತಿದ್ದರೆ ಮಾತ್ರ. ಕಾರಣಗಳು ಮುಖ್ಯವಾಗಿ ನಾಲ್ಕು: ಗಮನ ಸಿಗುತ್ತದೆ, ವಸ್ತು ಸಿಗುತ್ತದೆ, ಬೇಡದ ಕೆಲಸ ತಪ್ಪುತ್ತದೆ, ಅಥವಾ ಹೊರಗಿನವರ ಹಂಗಿಲ್ಲದೆ ಆ ವರ್ತನೆಯೇ ದೇಹಕ್ಕೆ ಏನೋ ಕೊಡುತ್ತದೆ. ಬ್ರಯಾನ್ ಇವಾಟಾ ಮತ್ತು ಸಂಗಡಿಗರು 1982ರಲ್ಲಿ, ತಮ್ಮನ್ನು ತಾವು ಗಾಯ ಮಾಡಿಕೊಳ್ಳುವ ಮಕ್ಕಳಲ್ಲಿ, ಬೇರೆ ಬೇರೆ ಸನ್ನಿವೇಶಗಳನ್ನು ಒಂದಾದ ಮೇಲೊಂದು ಇಟ್ಟು ಯಾವುದರಲ್ಲಿ ವರ್ತನೆ ಏರುತ್ತದೆ ಅಂತ ಅಳೆದು ತೋರಿಸಿದರು. ನೋಡಲು ಒಂದೇ ಥರ ಇರುವ ವರ್ತನೆ ಒಂದು ಮಗುವಿನಲ್ಲಿ ಒಂದು ಕಾರಣಕ್ಕೆ, ಇನ್ನೊಂದರಲ್ಲಿ ಇನ್ನೊಂದಕ್ಕೆ ನಡೆಯುತ್ತಿತ್ತು.

ನಮ್ಮ ಕ್ಲಾಸಿಗೆ ಇದನ್ನು ಇಳಿಸಿದರೆ ಹೀಗೆ. ನಾಲ್ಕನೇ ಕ್ಲಾಸು, ಗಣಿತದ ಪೀರಿಯಡ್ಡು. ಬೋರ್ಡಿನ ಮೇಲೆ ಭಾಗಾಕಾರ ಬಂದ ಕೂಡಲೇ ಒಬ್ಬ ಹುಡುಗ ಪಕ್ಕದವನ ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ, ಹಾಳೆ ಹರಿಯುತ್ತಾನೆ. "ಹೊರಗೆ ಹೋಗಿ ನಿಂತ್ಕೋ" ಅನ್ನುತ್ತಾರೆ ಮೇಷ್ಟ್ರು. ಹುಡುಗ ವರಾಂಡದಲ್ಲಿ ನಿಂತು ಹೊರಗಿನ ಗಿಡ, ಹಕ್ಕಿ, ಬಿಸಿಯೂಟದ ಅಡುಗೆಮನೆಯ ಹೊಗೆ ನೋಡುತ್ತಾನೆ. ಭಾಗಾಕಾರ ತಪ್ಪಿತು. ಮೇಷ್ಟ್ರು ಶಿಕ್ಷೆ ಅಂದುಕೊಂಡದ್ದು ಅಸಲಿಗೆ ಬಹುಮಾನ. ಈ ಹುಡುಗನನ್ನು "ಗಮನಿಸದೆ ಬಿಟ್ಟರೂ" ಅಷ್ಟೇ, ಲೆಕ್ಕ ತಪ್ಪುತ್ತದಲ್ಲ. ಇವನಿಗೆ ಬೇಕಾದ್ದು: ಲೆಕ್ಕ ಕೈಗೆಟಕುವಷ್ಟು ಸುಲಭವಾಗಬೇಕು, ಎರಡು ಲೆಕ್ಕ ಮುಗಿಸಿದ ಮೇಲೆ ಒಂದು ನಿಮಿಷ ಬಿಡುವು ಸಿಗಬೇಕು, "ಸರ್, ಇದು ಗೊತ್ತಾಗ್ತಿಲ್ಲ" ಅಂದರೆ ಕೂಡಲೇ ಸಹಾಯ ಬರಬೇಕು, ಹಾಳೆ ಹರಿದರೆ ಇನ್ನೊಂದು ಹಾಳೆಯಲ್ಲಿ ಅದೇ ಲೆಕ್ಕ ಮುಂದೆ ಬರಬೇಕು. ಊಹೆ ಸರಿಯೋ ಅಂತ ನೋಡಲು ಸುಲಭದ ದಾರಿಯಿದೆ: ಎರಡು ದಿನ ಅವನಿಗೆ ಚೆನ್ನಾಗಿ ಬರುವ ಕೂಡುವ ಲೆಕ್ಕ, ಎರಡು ದಿನ ಭಾಗಾಕಾರ, ಮತ್ತೆ ಎರಡು ದಿನ ಕೂಡುವುದು. ಹಾಳೆ ಹರಿಯುವುದು ಭಾಗಾಕಾರದ ದಿನಗಳಿಗೇ ಅಂಟಿಕೊಂಡಿದ್ದರೆ ಕಾರಣ ಸಿಕ್ಕಿತು.

ಇಷ್ಟಕ್ಕೂ ಮೊದಲು ಮೈಯ ತೊಂದರೆ ನೋಡಬೇಕು. ಕಿವಿನೋವು, ಹಲ್ಲುನೋವು, ಮಲಬದ್ಧತೆ, ನಿದ್ದೆಗೇಡು, ದೃಷ್ಟಿದೋಷ ಇದ್ದು ಮಾತು ಬಾರದ ಮಗು ಅತ್ತರೆ ಯಾವ ಕಾಲಂ ಬರೆದೂ ಉಪಯೋಗವಿಲ್ಲ.

ಇನ್ನು ಎಣಿಕೆ. ಎಣಿಸದೆ ಇದೆಲ್ಲ ಮಾಡುವುದು ಅಳತೆ ತೆಗೆಯದೆ ಅಂಗಿ ಹೊಲಿದ ಹಾಗೇ, ಹೋಲಿಕೆ ಹಳೆಯದಾದರೂ ಸರಿ. "ಈಗ ಸ್ವಲ್ಪ ಪರವಾಗಿಲ್ಲ" ಅನ್ನುವ ಮಾತನ್ನು ನಂಬಲಾಗದು, ನಿನ್ನೆಯ ದಿನ ಚೆನ್ನಾಗಿದ್ದರೆ ಇಡೀ ವಾರ ಚೆನ್ನಾಗಿತ್ತು ಅನ್ನಿಸುತ್ತದೆ. ಎಣಿಸುವುದಕ್ಕೆ ಆ್ಯಪ್ ಬೇಡ. ಬಲಜೇಬಲ್ಲಿ ಇಪ್ಪತ್ತು ಹುಣಸೆಬೀಜ ಇಟ್ಟುಕೊಂಡು ಪ್ರತಿ ಸಲಕ್ಕೂ ಒಂದನ್ನು ಎಡಜೇಬಿಗೆ ಹಾಕಿದರೆ ಪಾಠ ಮಾಡುತ್ತಲೇ ಲೆಕ್ಕ ಆಗುತ್ತದೆ. ಸೀರೆಯವರು ಸೊಂಟಕ್ಕೆ ಚಿಕ್ಕ ಚೀಲ ಕಟ್ಟಿಕೊಳ್ಳಬಹುದು. ಹೊಡೆಯುವುದು, ಎಸೆಯುವುದು ಮುಂತಾಗಿ ಶುರು, ಕೊನೆ ಸ್ಪಷ್ಟ ಇರುವುದನ್ನು ಎಣಿಸಿ. ಅಳುವುದು, ಓದುತ್ತಾ ಕೂರುವುದು ಇಂಥವಕ್ಕೆ ಹೊತ್ತು ಹಿಡಿಯಬೇಕು. ಒಂದು ಅಳು ಅರ್ಧ ಗಂಟೆ ನಡೆದರೆ ಎಣಿಕೆಯಲ್ಲಿ ಅದು ಬರೀ ಒಂದು. "ಏಳು" ಅಂದ ಮೇಲೆ ಏಳುವುದಕ್ಕೆ ಎಷ್ಟು ನಿಮಿಷ ಅನ್ನುವುದು ಇನ್ನೊಂದು ಬಗೆಯ ಅಳತೆ. ನಲವತ್ತು ಮಕ್ಕಳ ಕ್ಲಾಸಲ್ಲಿ ಒಬ್ಬನನ್ನೇ ನೋಡುತ್ತಾ ನಿಲ್ಲಲಾಗದು, ಆಗ ಪ್ರತಿ ಐದು ನಿಮಿಷಕ್ಕೆ ಫೋನು ಜೇಬಲ್ಲಿ ಅಲುಗಿದ ಕ್ಷಣ ಒಮ್ಮೆ ನೋಡಿ "ಬರೆಯುತ್ತಿದ್ದಾನೆ" ಅಥವಾ "ಇಲ್ಲ" ಅಂತ ಗೀಟು ಹಾಕಿದರೆ ಸಾಕು.

ಏನನ್ನೂ ಬದಲಿಸದೆ ಕನಿಷ್ಠ ಐದು ದಿನ ಹೀಗೆ ಎಣಿಸಿ. ಐದು ದಿನದಲ್ಲಿ 9, 11, 8, 10, 10 ಬಂದರೆ ಶುರು ಮಾಡಬಹುದು. 12, 10, 8, 6, 5 ಅಂತ ತಾನಾಗಿಯೇ ಇಳಿಯುತ್ತಿದ್ದರೆ ಕೈ ಹಾಕಬೇಡಿ. ಹಾಕಿದರೆ ನಿಮ್ಮಿಂದ ಇಳಿಯಿತೋ ತಾನಾಗಿ ಇಳಿಯಿತೋ ಗೊತ್ತಾಗುವುದಿಲ್ಲ. ಒಂದು ದಿನ ಇಬ್ಬರು ಬೇರೆಬೇರೆಯಾಗಿ ಎಣಿಸಿ, ಚಿಕ್ಕ ಸಂಖ್ಯೆಯನ್ನು ದೊಡ್ಡದರಿಂದ ಭಾಗಿಸಿ ನೂರರಿಂದ ಗುಣಿಸಿ. ತಾಯಿ 10, ಅಜ್ಜಿ 8 ಅಂದರೆ ಇಬ್ಬರ ಎಣಿಕೆಯ ಹೊಂದಾಣಿಕೆ ಶೇ 80. ಸಾಮಾನ್ಯವಾಗಿ ಒಪ್ಪುವ ಕನಿಷ್ಠ ಇದೇ. ಅದಕ್ಕಿಂತ ಕೆಳಗೆ ಬಂದರೆ ಜಗಳ ಬೇಡ, ವರ್ತನೆಯ ವಿವರಣೆ ಸ್ಪಷ್ಟವಿಲ್ಲ ಅಂತ ಅರ್ಥ. ಅಜ್ಜಿ ಬಹುಶಃ ಮುಸುಮುಸು ಅನ್ನುವುದನ್ನು ಅಳು ಅಂತ ಹಿಡಿದಿಲ್ಲ.

ಬೇಡದ್ದನ್ನು ತೆಗೆದ ಜಾಗದಲ್ಲಿ ಏನಾದರೂ ಇಡಬೇಕು, ಇಲ್ಲದಿದ್ದರೆ ಮಗು ತಾನೇ ಏನನ್ನೋ ಹುಡುಕಿ ಇಡುತ್ತದೆ. ಅಳುವಿಗೆ ಏನು ಸಿಗುತ್ತಿತ್ತೋ ಅದೇ ಹೊಸ ವರ್ತನೆಗೂ ಸಿಗಬೇಕು, ಅದೂ ಅಳುವಿಗಿಂತ ಕಡಿಮೆ ಶ್ರಮಕ್ಕೆ, ಇನ್ನೂ ಬೇಗ. ಹೋಟೆಲಿನ ಹುಡುಗನಿಗೆ: "ಮಮ್ಮಿ, ಎರಡು ನಿಮಿಷ ಕೊಡ್ತೀಯಾ?" ಅಂತ ಕೇಳಲು ಕಲಿಸಿ. ಮನೆಯಲ್ಲಿ, ಅಳದೆ ಇರುವ ಹೊತ್ತಿನಲ್ಲಿ ಅಭ್ಯಾಸ ಮಾಡಿಸಿ. ಮೊದಮೊದಲು ಪ್ರತಿ ಸಲವೂ ಕೇಳಿದ ಒಂದೆರಡು ಸೆಕೆಂಡಿನಲ್ಲಿ ಕೊಡಿ, ಎರಡು ನಿಮಿಷಕ್ಕೆ ಅಲಾರಂ ಇಡಿ. ಕೇಳುವುದು ಸಲೀಸಾದ ಮೇಲೆ "ಐದು ಎಣಿಸು, ಕೊಡ್ತೀನಿ" ಅನ್ನಿ. ಆಮೇಲೆ ಹತ್ತು, ಇಪ್ಪತ್ತು, ಆಮೇಲೆ "ದೋಸೆ ಬರಲಿ". ಐದರಿಂದ ನೇರ ಅರ್ಧ ಗಂಟೆಗೆ ಹಾರಿದರೆ ಕೇಳುವುದೇ ಸತ್ತುಹೋಗಿ ಹಳೆಯ ಅಳು ಮರಳುತ್ತದೆ. ಅವಸರ ಮಾಡಿ ಕೆಡಿಸಿಕೊಳ್ಳುವವರೇ ಹೆಚ್ಚು.

ಹೊಡೆತದ ಬಗ್ಗೆ ಎರಡು ಮಾತು ಸಾಕು. ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ ನಿಷಿದ್ಧ. ಆದರೂ ಕೋಲು ಮಾಯವಾಗದಿರುವುದಕ್ಕೆ ಕಾರಣ ಹೊಡೆಯುವವರ ಕಡೆ ಹುಡುಕಬೇಕು: ಏಟು ಬಿದ್ದ ಕ್ಷಣ ಕ್ಲಾಸು ನಿಶ್ಶಬ್ದ, ಹೊಡೆದ ಕೈಗೆ ಕೂಡಲೇ ಪುನರ್ಬಲನ. ಮಗು ಕಲಿಯುವುದು ಆ ಮೇಷ್ಟ್ರು ಇದ್ದಾಗ ಮಾಡಬಾರದು ಅನ್ನುವುದನ್ನು ಮಾತ್ರ, ಜೊತೆಗೆ ಶಾಲೆ ತಪ್ಪಿಸುವುದನ್ನು, ಸುಳ್ಳು ಹೇಳುವುದನ್ನು. ಏನು ಮಾಡಬೇಕು ಅನ್ನುವುದು ಏಟಿನಲ್ಲಿ ಇರುವುದೇ ಇಲ್ಲ.

ಹೊಸ ಕೆಲಸ ಕಲಿಸುವುದಕ್ಕೆ ಬರುತ್ತೇನೆ. ಕೈ ತೊಳೆಯುವುದು ಒಂದು ಕೆಲಸ ಅಂತ ದೊಡ್ಡವರು ಅಂದುಕೊಳ್ಳುತ್ತೇವೆ. ಬಿಡಿಸಿ ನೋಡಿದರೆ ಹನ್ನೊಂದು: ತೋಳು ಮೇಲೇರಿಸುವುದು, ನಲ್ಲಿ ತಿರುಗಿಸುವುದು, ಎರಡೂ ಕೈ ನೆನೆಸುವುದು, ನಲ್ಲಿ ನಿಲ್ಲಿಸುವುದು, ಸೋಪು ಹಚ್ಚುವುದು, ಸೋಪು ವಾಪಸ್ ಇಡುವುದು, ಅಂಗೈ, ಹಿಂಗೈ, ಬೆರಳ ಸಂದಿ ಉಜ್ಜುವುದು, ಮತ್ತೆ ನಲ್ಲಿ ತಿರುಗಿಸುವುದು, ನೊರೆ ಹೋಗುವ ತನಕ ತೊಳೆಯುವುದು, ನಲ್ಲಿ ನಿಲ್ಲಿಸುವುದು, ಟವೆಲಿನಲ್ಲಿ ಒರೆಸುವುದು. ಪಟ್ಟಿ ಮಾಡುವಾಗ ತಲೆಯಲ್ಲಿ ಮಾಡಬೇಡಿ, ನೀವೇ ನಿಧಾನಕ್ಕೆ ತೊಳೆಯುತ್ತಾ ಇನ್ನೊಬ್ಬರಿಂದ ಬರೆಸಿ. ಸೋಪು ವಾಪಸ್ ಇಡುವುದು ಹಾಗಲ್ಲದೆ ನೆನಪಾಗುವುದಿಲ್ಲ.

ತುಂಬ ನಿಧಾನಕ್ಕೆ ಕಲಿಯುವ ಮಕ್ಕಳಿಗೆ ಹಿಂದಿನಿಂದ ಕಲಿಸುವುದು ಒಳ್ಳೆಯದು. ಹತ್ತು ಹಂತ ಮಗುವಿನ ಕೈ ಹಿಡಿದು ಮಾಡಿಸಿ, ಹನ್ನೊಂದನೆಯದು, ಅಂದರೆ ಒರೆಸುವುದು, ಮಗುವೇ ಮಾಡಲಿ. ಮಾಡಿದ ಕೂಡಲೇ ಶಹಬ್ಬಾಸ್, ಊಟದ ತಟ್ಟೆ ಮುಂದೆ. ಸತತ ಮೂರು ಸಲ ಸಹಾಯವಿಲ್ಲದೆ ಆದರೆ ಹತ್ತನೆಯದಕ್ಕೆ ಬನ್ನಿ. ಇದರ ಲಾಭ ಏನೆಂದರೆ ಮಗು ತಾನಾಗಿ ಮಾಡಿದ್ದರ ಪಕ್ಕದಲ್ಲೇ ಪ್ರತಿ ಸಲವೂ ಊಟ ಇರುತ್ತದೆ. ಸಹಾಯ ಮಾಡುವಾಗ ಹಿಂದೆ ನಿಂತು ಮಾಡಿ, ಮಾತು ಕಡಿಮೆ ಇರಲಿ. ಮೊದಲು ಮುಂಗೈ ಹಿಡಿದು, ಆಮೇಲೆ ಮೊಣಕೈ ಮುಟ್ಟಿ, ಆಮೇಲೆ ಬರೀ ಬೆರಳು ತೋರಿಸಿ, ಆಮೇಲೆ ಏನೂ ಇಲ್ಲ. "ನಲ್ಲಿ ತಿರುಗಿಸು... ಸೋಪು ತಗೋ..." ಅಂತ ಪ್ರತಿ ಹಂತಕ್ಕೂ ಹೇಳುವ ಅಭ್ಯಾಸ ಮಾಡಿದರೆ ಬಿಡಿಸುವುದು ಕಷ್ಟ. ಮಗು ಸೋಪಿನ ಮುಂದೆ ನಿಂತು ನಿಮ್ಮ ಬಾಯಿ ನೋಡುತ್ತದೆ. ಸೋಪು ಕಂಡರೆ ಹಚ್ಚುವುದು ಅಂತ ಕಲಿಯುವ ಬದಲು ಮಾತು ಕೇಳಿದರೆ ಹಚ್ಚುವುದು ಅಂತ ಕಲಿತಿರುತ್ತದೆ.

ಬಹುಮಾನ ಚಿಕ್ಕದಿರಲಿ. ಮಂಡಕ್ಕಿ ಇಷ್ಟಪಡುವ ಮಗುವಿಗೆ ನಾಲ್ಕು ಕಾಳು ಸಾಕು, ತಟ್ಟೆ ತುಂಬ ಕೊಟ್ಟರೆ ಎರಡನೇ ಸಲಕ್ಕೇ ಬೇಸರ. ಏನು ಇಷ್ಟ ಅಂತ ತಿಳಿಯಲು ಐದು ವಸ್ತು ತೆಗೆದುಕೊಂಡು ಎರಡೆರಡನ್ನು ಮುಂದಿಟ್ಟು ಆರಿಸಲು ಬಿಡಿ; ಎಲ್ಲ ಜೋಡಿ ಮುಗಿಯಲು ಹತ್ತು ಸಲ ಆಗುತ್ತದೆ. ಹೆಚ್ಚು ಸಲ ಎತ್ತಿಕೊಂಡದ್ದನ್ನು ಕಲಿಸುವ ಹೊತ್ತಿಗೆ ಮಾತ್ರ ಹೊರತೆಗೆಯಿರಿ. ದಿನವಿಡೀ ಕೈಗೆ ಸಿಗುವ ಆಟಿಕೆಗೆ ಕಲಿಸುವ ಬಲ ಇರುವುದಿಲ್ಲ. ನಕ್ಷತ್ರ ಅಂಟಿಸುವ ಚಾರ್ಟು ಮಾಡುವವರು ತಪ್ಪಿಗೆ ನಕ್ಷತ್ರ ಕೀಳುವ ಅಭ್ಯಾಸ ಬಿಡಬೇಕು. ಸೋಮವಾರವೇ ಸೊನ್ನೆಗೆ ಇಳಿದ ಮಗುವಿಗೆ ಶನಿವಾರದ ತನಕ ಚಾರ್ಟಿನ ಹಂಗೇ ಇರುವುದಿಲ್ಲ.

ಕಲಿತದ್ದು ಕಲಿತ ಜಾಗದಲ್ಲೇ ನಿಂತುಬಿಡುವುದು ಇನ್ನೊಂದು ತಾಪತ್ರಯ. ಮನೆಯ ತಿರುಗಿಸುವ ನಲ್ಲಿಯಲ್ಲಿ ಹನ್ನೊಂದೂ ಹಂತ ಚೊಕ್ಕಟವಾಗಿ ಮಾಡುವ ಮಗು ಕಲ್ಯಾಣ ಮಂಟಪದ ಒತ್ತುವ ನಲ್ಲಿಯ ಮುಂದೆ ಸುಮ್ಮನೆ ನಿಲ್ಲುತ್ತದೆ. "ಬಂದದ್ದು ಮರೆತುಹೋಯಿತು" ಅನ್ನುತ್ತಾರೆ, ಮರೆತಿರುವುದಿಲ್ಲ. ಕಲಿಸುವಾಗಲೇ ಎರಡು ಮೂರು ಬಗೆಯ ನಲ್ಲಿ, ಒಂದು ಸೋಪು, ಒಂದು ಲಿಕ್ವಿಡ್ಡು, ಬಕೆಟ್ಟು ಚೊಂಬು, ತಾಯಿ ಒಮ್ಮೆ ತಂದೆ ಒಮ್ಮೆ ಅಂತ ಅದಲುಬದಲು ಮಾಡಬೇಕು. ವಾರಕ್ಕೊಮ್ಮೆ ಮಗು ಹಿಂದೆಂದೂ ಮುಟ್ಟದ ನಲ್ಲಿಯೊಂದರ ಮುಂದೆ ಬಿಟ್ಟು, ಬಾಯಿ ಬಿಡದೆ, ಹನ್ನೊಂದರಲ್ಲಿ ಎಷ್ಟು ಆಯಿತು ಅಂತ ಗೀಟು ಹಾಕಿಕೊಳ್ಳಿ. ಒಂಬತ್ತಕ್ಕಿಂತ ಕಡಿಮೆ ಬಂದರೆ ಮುಂದಿನ ವಾರದ ಅಭ್ಯಾಸಕ್ಕೆ ಆ ಬಗೆಯ ನಲ್ಲಿಯನ್ನೂ ಸೇರಿಸಿಕೊಳ್ಳಿ.